ಕೂಲಿಂಗ್ ಪಟ್ಟಿಗೆ ಸೇರಿದ ಹೀಟರ್

ದುಬೈಯಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನಾನು ಬಹಳ ವರ್ಷ ‘ಸೇಲ್ಸ್’ ಎಂದಷ್ಟೇ ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಏನು ಮಾರುತ್ತೀರಿ ಎಂಬ ಎರಡನೆಯ ಪ್ರಶ್ನೆ ಬಂತೋ, ಸಿಕ್ಕಿಬಿದ್ದೆ ಅಂತಲೇ ಅರ್ಥ. ನಾನು ಮಾರುತ್ತಿದ್ದದ್ದು ನೀರು ಕಾಯಿಸುವ ಹೀಟರ್. ಊರಲ್ಲಿ ಗೀಸರ್ ಅನ್ನುತ್ತೇವಲ್ಲ, ಅದೇ. ಮೇ ತಿಂಗಳಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಅಂಗೈ ಸುಡುವ ದೇಶದಲ್ಲಿ ನಾನು ಬಿಸಿನೀರು ಮಾರಲು ಹೊರಟವಳು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ನನ್ನ ಗಂಡನ ಕಡೆ ಕನಿಕರದಿಂದ ನೋಡುತ್ತಿದ್ದರು.

ನಗುವವರು ಜನವರಿಯಲ್ಲಿ ಬಂದು ನೋಡಬೇಕು. ಮಹಡಿಯ ಟ್ಯಾಂಕಿನ ನೀರನ್ನು ಬೆಳಿಗ್ಗೆ ಮುಖಕ್ಕೆ ಎರಚಿಕೊಂಡರೆ ಹಲ್ಲು ಕಟಕಟ ಎನ್ನುತ್ತದೆ. ಆಸ್ಪತ್ರೆಗೆ, ಶಾಲೆಗೆ, ಮಸೀದಿಯಲ್ಲಿ ಕೈಕಾಲು ತೊಳೆಯುವವರಿಗೆ ಬಿಸಿನೀರು ಬೇಕೇ ಬೇಕು. ಆ ಎರಡು ಮೂರು ತಿಂಗಳ ಚಳಿಗಾಗಿ ಇಲ್ಲಿನ ಸರಕಾರಿ ಕಟ್ಟಡಗಳ ಗೋಡೆಗಳಿಗೆ ಲೆಕ್ಕವಿಲ್ಲದಷ್ಟು ಹೀಟರ್‌ಗಳು ಏರುತ್ತವೆ. ಅದರಲ್ಲಿ ನಮ್ಮದು ಒಂದೇ ಒಂದೂ ಇರಲಿಲ್ಲ. ಅದೇ ನನ್ನ ಸಂಕಟ.

ನಮ್ಮ ಕಂಪನಿಯ ಯಜಮಾನರು ಉಡುಪಿಯವರು. ಪೈಪು, ನಲ್ಲಿ, ಪಂಪು ಮಾರಿ ಮೇಲೆ ಬಂದವರು. ಯಾವುದೋ ವಸ್ತುಪ್ರದರ್ಶನದಲ್ಲಿ ಒಂದು ಹೀಟರ್ ನೋಡಿ ಮರುಳಾಗಿ ಅದರ ಏಜೆನ್ಸಿ ತಂದರು. ಆ ವಿಭಾಗದಲ್ಲಿ ಇದ್ದದ್ದು ಇಬ್ಬರೇ: ನಾನು, ಮತ್ತೆ ನನಗಿಂತ ಹತ್ತು ವರ್ಷ ದೊಡ್ಡವನಾದ ಒಬ್ಬ ರಾಜಸ್ಥಾನಿ ಟೆಕ್ನಿಷಿಯನ್. ಯಜಮಾನರ ಮನೆಮಾತು ತುಳು. ನಾನು ಹೊನ್ನಾವರದ ಕಡೆಯ ಕ್ರಿಶ್ಚಿಯನ್ನಳು, ಕೊಂಕಣಿ ಬಿಟ್ಟರೆ ಕನ್ನಡ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ ನಡೆಯುತ್ತಿತ್ತು. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನೂ ಬಾಯಮ್ಮ ಎನ್ನುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಇನ್ನು ಪಟ್ಟಿಯ ವಿಷಯ. ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಕಚೇರಿ ಇದೆ. ಹೆಸರು ಬೇಡ, ಈಗಲೂ ನನಗೆ ಅಲ್ಲಿ ಕೆಲಸ ಬೀಳುತ್ತದೆ. ಶಾಲೆ, ಚಿಕಿತ್ಸಾಲಯಗಳಂಥ ಸರಕಾರಿ ಕಟ್ಟಡಗಳಿಗೆ ಯಾವ ಕಂಪನಿಯ ಯಾವ ಸಾಮಾನು ಹಾಕಬಹುದು ಎಂಬ ಪಟ್ಟಿ ಅವರ ಹತ್ತಿರ ಇರುತ್ತದೆ. ಅದರಲ್ಲಿ ಹೆಸರಿಲ್ಲದಿದ್ದರೆ ಕಂಟ್ರಾಕ್ಟರ್ ನಿಮ್ಮ ಸ್ವಂತ ಅಣ್ಣನಾದರೂ ನಿಮ್ಮಿಂದ ಒಂದು ನಟ್ಟು ಕೊಳ್ಳುವಂತಿಲ್ಲ. ಪಟ್ಟಿಗೆ ಸೇರಲು ಹದಿನಾಲ್ಕು ಕಾಗದ ಬೇಕು. ಹದಿಮೂರನ್ನು ನಾನು ಒಂದೇ ತಿಂಗಳಲ್ಲಿ ಹೊಂದಿಸಿದೆ. ಹದಿನಾಲ್ಕನೆಯದು, ಈ ಹಿಂದೆ ಮೂರು ಸರಕಾರಿ ಕಟ್ಟಡಗಳಿಗೆ ಹೀಟರ್ ಒದಗಿಸಿದ್ದೇವೆ ಎಂಬ ಪ್ರಮಾಣಪತ್ರ. ಸರಕಾರಿ ಕಟ್ಟಡಕ್ಕೆ ಒದಗಿಸಬೇಕಾದರೆ ಮೊದಲು ಪಟ್ಟಿಯಲ್ಲಿರಬೇಕು.

ಅದನ್ನು ಎರಡು ಸಲ ಓದಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದೆ. ನನ್ನ ಇಂಗ್ಲಿಷಿನಲ್ಲೇ ದೋಷ ಇರಬೇಕು ಎಂದುಕೊಂಡು ಮಗಳಿಗೆ ಕೊಟ್ಟೆ. ಅವಳು ಓದಿ, ನಿನ್ನ ಇಂಗ್ಲಿಷ್ ಸರಿಯಾಗಿದೆ ಎಂದು ಸಮಾಧಾನ ಮಾಡಿದಳು.

ಆ ಕಚೇರಿಯಲ್ಲಿ ನನ್ನ ಕಡತ ಇದ್ದದ್ದು ಒಬ್ಬ ಈಜಿಪ್ಟಿನ ಇಂಜಿನಿಯರ್ ಹತ್ತಿರ. ಇಷ್ಟು ಒಳ್ಳೆಯ ಮನುಷ್ಯನನ್ನು ನಾನು ಇನ್ನೊಂದು ಕಚೇರಿಯಲ್ಲಿ ನೋಡಿಲ್ಲ. ಆದದ್ದು ಮಾತ್ರ ಏನೂ ಇಲ್ಲ. ಮಂಗಳವಾರ ಮಂಗಳವಾರ ದುಬೈಯ ಅಲ್ ನಹ್ದಾದ ಮನೆಯಿಂದ ಹೊರಟು ಖಾಲಿದಿಯಾ ಮುಟ್ಟುತ್ತಿದ್ದೆ. ಅವರು ಪುದೀನ ಹಾಕಿದ ಚಹಾ ತರಿಸುತ್ತಿದ್ದರು. ಅವರ ಮಂಡಿನೋವು ನನಗೆ ಗೊತ್ತಾಯಿತು, ನನ್ನ ಮಗಳ ಅಂಕಗಳು ಅವರಿಗೆ ಗೊತ್ತಾದವು. ಒಂದು ದಿನ ಕೇಳಿಯೇಬಿಟ್ಟೆ: ಹಾಗಾದರೆ ಈಗ ಪಟ್ಟಿಯಲ್ಲಿರುವವರು ಮೊದಲ ಸಲ ಒಳಗೆ ಬಂದದ್ದು ಹೇಗೆ? ಅವರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಆಮೇಲೆ, ಅವರು ಪಟ್ಟಿ ಶುರುವಾಗುವ ಮೊದಲೇ ಪಟ್ಟಿಯಲ್ಲಿದ್ದರು ಎಂದರು. ಇದಕ್ಕೆ ಉತ್ತರ ಕೊಡುವಷ್ಟು ವೇದಾಂತ ನನಗೆ ಬರುವುದಿಲ್ಲ.

ಆನ್‌ಲೈನ್ ಅರ್ಜಿಯದು ಇನ್ನೊಂದು ಕಥೆ. ಯಾವುದೋ ಚಳಿ ದೇಶದ ಅರ್ಜಿಯನ್ನು ಎತ್ತಿ ಇಲ್ಲಿ ಹಾಕಿದ್ದರು ಎಂದು ಕಾಣುತ್ತದೆ. ನಿಮ್ಮ ಸಾಮಾನು ಹಿಮದ ಭಾರ ತಡೆಯುತ್ತದೆಯೇ ಎಂಬ ಪ್ರಶ್ನೆ ಇತ್ತು. ಪ್ರಾಮಾಣಿಕಳಾಗಿ ‘ಇಲ್ಲ’ ಎಂದು ಒತ್ತಿದೆ. ಅರ್ಜಿ ಆ ಕ್ಷಣವೇ ತಿರಸ್ಕೃತವಾಯಿತು. ಮುಂದಿನ ವಾರ ‘ಹೌದು’ ಎಂದು ಒತ್ತಿದೆ. ಹಿಮದಲ್ಲಿ ಇಟ್ಟು ಪರೀಕ್ಷಿಸಿದ ದಾಖಲೆ ಲಗತ್ತಿಸಿ ಎಂದಿತು. ಇಂಜಿನಿಯರ್ ಸಾಹೇಬರಿಗೆ ತೋರಿಸಿದರೆ, ಒಂದು ಫೋಟೊ ಇದ್ದರೂ ಸಾಕು ಎಂದು ದಾರಿ ತೋರಿಸಿದರು.

ಈ ದೇಶದಲ್ಲಿ ನನಗೆ ಗೊತ್ತಿದ್ದ ಹಿಮ ಇದ್ದದ್ದು ಒಂದೇ ಕಡೆ, ದುಬೈಯ ಅಲ್ ಬರ್ಷಾದ ದೊಡ್ಡ ಮಾಲಿನೊಳಗೆ, ಟಿಕೆಟ್ ಕೊಂಡು ಆಡುವ ಕೃತಕ ಹಿಮದ ಅಂಗಳದಲ್ಲಿ. ನಾನೂ ಟೆಕ್ನಿಷಿಯನ್ನೂ ಒಂದು ಹೀಟರನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟೆವು. ಬಟ್ಟೆಯಂಗಡಿ, ಚಿನ್ನದಂಗಡಿ, ಐಸ್‌ಕ್ರೀಮ್ ಅಂಗಡಿ ದಾಟಿ ಟಿಕೆಟ್ ಕೌಂಟರಿನವರೆಗೆ ನಡೆದೆವು. ಜನ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಹೀಟರಿಗೆ ಐದು ನಿಮಿಷ ಹಿಮ ಬೇಕು, ಒಂದು ಫೋಟೊಕ್ಕೆ ಎಂದು ವಿವರಿಸಿದೆ. ಕೌಂಟರಿನ ಹುಡುಗಿ ಮುಖದ ಗೆರೆ ಸಹ ಅಲುಗಿಸದೆ, ಅದಕ್ಕೆ ದೊಡ್ಡವರ ಟಿಕೆಟ್ ಬೇಕೋ ಮಕ್ಕಳ ಟಿಕೆಟ್ ಬೇಕೋ ಎಂದು ಕೇಳಿದಳು. ಎತ್ತರ ನೋಡಿ ಮಕ್ಕಳದು ಸಾಕು ಎಂದೆ. ಫೋಟೊ ಚೆನ್ನಾಗಿಯೇ ಬಂತು. ಹೀಟರಿನ ಪಕ್ಕ ಬಾಡಿಗೆಯ ದಪ್ಪ ಕೋಟು ತೊಟ್ಟು ನಿಂತ ಟೆಕ್ನಿಷಿಯನ್ ಅದನ್ನು ತನ್ನ ಹೆಂಡತಿಗೂ ಕಳಿಸಿದ. ಅರ್ಜಿ ಹಿಮವನ್ನು ದಾಟಿ ಮುಂದಕ್ಕೆ ಹೋಯಿತು. ಹೋಗಿ ಹದಿನಾಲ್ಕನೆಯ ಕಾಗದದ ಎದುರು ಮತ್ತೆ ನಿಂತಿತು.

ಹೀಗೆ ಒಂದೂವರೆ ವರ್ಷ ಕಾಲು ಸವೆಸಿದ ಮೇಲೆ, ಏಪ್ರಿಲಿನಲ್ಲಿ ಯಜಮಾನರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಕೂರಿ ಎಂದರು. ಅವರು ಕೂರಿ ಎಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ನಾನು ಎಂತ ಹೇಳುವುದು ಬಾಯಮ್ಮ. ಆಗಸ್ಟ್ ಒಳಗೆ ಪಟ್ಟಿಯಲ್ಲಿ ಹೆಸರು ಬಂದ್ರೆ ಉಂಟು. ಇಲ್ಲದಿದ್ರೆ ಹೀಟರ್ ಖಲಾಸ್. ನಿಮಗೆ ಕೊಡ್ಲಿಕ್ಕೆ ಬೇರೆ ಸೀಟಿಲ್ಲ ನನ್ನ ಹತ್ರ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಗಂಡ ಅಲ್ ಬರ್ಷಾದ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿದ್ದವರು. ಹೋಟೆಲು ಮುಚ್ಚಿದ ಮೇಲೆ ಅವರೂ ಮಗಳೂ ನನ್ನ ವೀಸಾದ ಮೇಲೆಯೇ ಇದ್ದರು. ನನ್ನ ಕೆಲಸ ಹೋದರೆ ನನ್ನ ವೀಸಾ ರದ್ದು, ಹಿಂದೆಯೇ ಅವರಿಬ್ಬರದೂ. ಮಗಳು ಆ ತಿಂಗಳಷ್ಟೇ ಹನ್ನೆರಡನೆಯ ತರಗತಿಗೆ ಕಾಲಿಟ್ಟಿದ್ದಳು. ಬೋರ್ಡ್ ಪರೀಕ್ಷೆಯ ವರ್ಷ ಮಧ್ಯದಲ್ಲಿ ಶಾಲೆ ಬಿಟ್ಟರೆ ಊರಿನಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಎಲ್ಲ ಕಡೆ ವಿಚಾರಿಸಿ ತಿಳಿದುಕೊಂಡೆ. ಒಂದು ವರ್ಷ ಮಣ್ಣುಪಾಲು. ಆವತ್ತಿನಿಂದ ಪಟ್ಟಿ ಎಂದರೆ ನನಗೆ ಹೀಟರ್ ಅಲ್ಲ, ಮಗಳ ಹನ್ನೆರಡನೆಯ ತರಗತಿ.

ಮುಂದಿನ ಮಂಗಳವಾರ ಇಂಜಿನಿಯರ್ ಸಾಹೇಬರ ಎದುರು ಚಹಾ ಮುಟ್ಟದೆ ಕೂತೆ. ಅದು ಅವರಿಗೆ ತಟ್ಟಿತು. ಎರಡು ವಾರ ಯಾವುದೋ ಹಳೆಯ ಸುತ್ತೋಲೆಗಳನ್ನೆಲ್ಲ ಕೆದಕಿ ಒಂದು ದಾರಿ ಹುಡುಕಿದರು. ಮೂರು ಪ್ರಮಾಣಪತ್ರದ ಬದಲಿಗೆ, ಒಂದು ಸರಕಾರಿ ಕಟ್ಟಡದಲ್ಲಿ ನಮ್ಮ ಖರ್ಚಿನಲ್ಲೇ ಒಂದು ಹೀಟರ್ ಹಾಕಿ, ಸಮಿತಿಯ ಎದುರು ಅದರ ಕೆಲಸ ತೋರಿಸಬಹುದು. ಸಮಿತಿ ಒಪ್ಪಿದರೆ ಪಟ್ಟಿಗೆ ಹೆಸರು. ನಾನು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಕಡತ ಮೇಜಿನಿಂದ ಮೇಜಿಗೆ ತೆವಳಿ ತೆವಳಿ ದಿನ ಗೊತ್ತಾದದ್ದು ಜುಲೈಯಲ್ಲಿ, ನೆತ್ತಿ ಸುಡುವ ಬಿಸಿಲಿನ ನಡುವೆ.

ಕಟ್ಟಡ, ಅಬುಧಾಬಿಯ ಒಂದು ಶಾಲೆ. ಬೇಸಗೆ ರಜೆ, ಒಂದು ನರಪಿಳ್ಳೆ ಇಲ್ಲ. ಆದರೂ ಪುಸ್ತಕಗಳಿಗೆ ಬೂಷ್ಟು ಹಿಡಿಯಬಾರದೆಂದು ಇಡೀ ಶಾಲೆಗೆ ಹಗಲೂ ರಾತ್ರಿ ಏಸಿ ಓಡುತ್ತಿತ್ತು. ಸೋಮವಾರ ನಾನೂ ಟೆಕ್ನಿಷಿಯನ್ನೂ ಹೋಗಿ ಒಂದು ಬಚ್ಚಲುಕೋಣೆಯ ಗೋಡೆಗೆ ಹೀಟರ್ ಹಾಕಿ, ನೀರು ತುಂಬಿಸಿ, ಸ್ವಿಚ್ ಒತ್ತಿದೆವು. ಕೆಂಪು ದೀಪ ಹೊತ್ತಿತು. ಅವನು ಸಾಮಾನು ಗಾಡಿಗೆ ಹಾಕಲು ಕೆಳಗೆ ಹೋದ. ನಾನು ನೆಲ ಒರೆಸಿ, ಎಲ್ಲ ಸರಿ ಇದೆಯೇ ಎಂದು ಇನ್ನೊಮ್ಮೆ ನೋಡಿ ಕೊನೆಯವಳಾಗಿ ಹೊರಗೆ ಬಂದೆ. ಇಂಜಿನಿಯರ್ ಬಾಗಿಲಿಗೆ ಬೀಗ ಹಾಕಿ, ಮೇಲೆ ಕಾಗದದ ಮುದ್ರೆ ಅಂಟಿಸಿದರು. ಬುಧವಾರ ಸಮಿತಿಯೇ ತೆಗೆಯುವುದು, ಅಲ್ಲಿಯವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ತೆಗೆದ ಮೇಲೆ ನಾವು ಏನನ್ನೂ ಮುಟ್ಟುವಂತಿಲ್ಲ. ನಾವು ಮೋಸ ಮಾಡಬಾರದಲ್ಲ, ಅದಕ್ಕೆ.

ಇಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯನ್ನು ಗೊತ್ತಿಲ್ಲದವರಿಗಾಗಿ ಹೇಳಬೇಕು. ಬೇಸಗೆಯಲ್ಲಿ ನಮ್ಮ ಮನೆಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕುದಿಯುವ ನೀರು ಬರುತ್ತದೆ, ಮಹಡಿಯ ಟ್ಯಾಂಕು ಬಿಸಿಲಿಗೆ ಕಾದಿರುತ್ತದೆ. ಹೀಟರ್ ಇರುವುದು ಏಸಿಯ ತಂಪಿನಲ್ಲಿ, ಮನೆಯ ಒಳಗೆ. ಅದರ ಸ್ವಿಚ್ ಆರಿಸಿಟ್ಟರೆ ಒಳಗೆ ನಿಂತ ನೀರು ತಣಿಯುತ್ತದೆ. ಆದ್ದರಿಂದ ಮೇ ಬಂತೆಂದರೆ ಹೀಟರ್ ಆರಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿದು ಸ್ನಾನ ಮಾಡುತ್ತೇವೆ. ಚಳಿ ಬರುವ ತನಕ ಹೀಟರಿನ ಕೆಂಪು ದೀಪ ಕಂಡಲ್ಲೆಲ್ಲ ಆರಿಸುವುದು ನಮಗೆ ಉಸಿರಾಡುವಷ್ಟೇ ಸಹಜ. ಗಂಡ ಮರೆತರೆ ಬೈಗುಳ, ಮಗಳು ಮರೆತರೆ ಬೈಗುಳ. ಇಪ್ಪತ್ತೆರಡು ಬೇಸಗೆ ಆರಿಸಿದ ಕೈ ನನ್ನದು.

ಬುಧವಾರ ಮಧ್ಯಾಹ್ನ ಮುದ್ರೆ ಒಡೆದು ಬಾಗಿಲು ತೆಗೆದಾಗ ಕೆಂಪು ದೀಪ ಹೊತ್ತಿರಲಿಲ್ಲ.

ಕರೆಂಟು ಹೋಯಿತೇ, ತಂತಿ ಕಿತ್ತಿತೇ ಎಂದೆಲ್ಲ ಯೋಚಿಸಿ, ಕೊನೆಗೆ ನನ್ನ ಬಲಗೈಯನ್ನು ನೋಡಿಕೊಂಡೆ. ಸೋಮವಾರ ಹೊರಗೆ ಬರುವಾಗ ಬಚ್ಚಲಿನ ಲೈಟು ಆರಿಸಿದ ನೆನಪಿತ್ತು. ಅದರ ಪಕ್ಕದ ಸ್ವಿಚ್ಚನ್ನು ಆರಿಸಿದ ನೆನಪು ಇರಲಿಲ್ಲ. ಅದು ನೆನಪನ್ನು ಕೇಳಿ ಮಾಡುವ ಕೆಲಸವೇ ಅಲ್ಲವಲ್ಲ. ಬೇರೆ ಯಾವ ದೇಶದ ಸೇಲ್ಸ್‌ನವಳೂ ತನ್ನ ಹೀಟರಿಗೆ ಈ ದ್ರೋಹ ಮಾಡಿರಲಾರಳು.

ಸಮಿತಿಯಲ್ಲಿ ಮೂರು ಜನ: ನಮ್ಮ ಇಂಜಿನಿಯರ್, ಥರ್ಮಾಮೀಟರ್ ಹಿಡಿದ ಒಬ್ಬ, ಮತ್ತೆ ಕಂದೂರ ಎಂಬ ಅರಬರ ಬಿಳಿ ನಿಲುವಂಗಿ ತೊಟ್ಟ ಒಬ್ಬ ಹಿರಿಯರು. ನಾನು ಬಾಯಿ ತೆರೆದೆ. ಥರ್ಮಾಮೀಟರಿನವನು ಕೈ ಅಡ್ಡ ಮಾಡಿ, ಸಪ್ಲೈಯರ್ ಮಾತಾಡುವಂತಿಲ್ಲ ಎಂದ. ತಣ್ಣೀರಿನ ನಲ್ಲಿ ತಿರುಗಿಸಿದ. ಹಬೆಯಾಡುವ ನೀರು ಬಂತು. ಬರೆದುಕೊಂಡ. ಬಿಸಿನೀರಿನ ನಲ್ಲಿ ತಿರುಗಿಸಿದ. ಎರಡು ದಿನ ಏಸಿಯಲ್ಲಿ ನಿದ್ದೆ ಮಾಡಿದ ನೀರು ತಣ್ಣಗೆ ಬಂತು. ಅವನು ಥರ್ಮಾಮೀಟರ್ ಕೊಡವಿ ಮತ್ತೆ ಹಿಡಿದ. ಮತ್ತೆ ಬರೆದುಕೊಂಡ. ಕರೆಂಟಿನ ಮೀಟರ್ ನೋಡಿ ಸೊನ್ನೆ ಎಂದು ಬರೆದ. ಹೊರಗಿನ ಬಿಸಿಲಿನಿಂದ ಬಂದು ಬೆವರುತ್ತಿದ್ದ ಹಿರಿಯರು ಆ ನೀರನ್ನು ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡರು, ಕುತ್ತಿಗೆಗೆ ಹಾಕಿಕೊಂಡರು, ಮಾ ಶಾ ಅಲ್ಲಾ ಎಂದರು. ಕರೆಂಟೇ ಇಲ್ಲದೆ ಇಷ್ಟು ಕೆಲಸ ಮಾಡುವ ಯಂತ್ರವನ್ನು ತಾವು ಕಂಡಿಲ್ಲ ಎಂದು ಟೆಕ್ನಿಷಿಯನ್ನನ ಬೆನ್ನು ತಟ್ಟಿದರು. ಅವನು ವಿನಯದಿಂದ ತಲೆ ತಗ್ಗಿಸಿದ.

ಮಿಕ್ಕ ಇಬ್ಬರು ಹೋದ ಮೇಲೆ ಇಂಜಿನಿಯರ್ ಸಾಹೇಬರನ್ನು ಕಾರಿಡಾರಿನಲ್ಲಿ ಹಿಡಿದು ನಿಜ ಹೇಳಿದೆ. ಸ್ವಿಚ್ ಆಫ್ ಆಗಿತ್ತು, ನಾನೇ ಆರಿಸಿದ್ದು, ಇನ್ನೊಂದು ದಿನ ಕೊಡಿ ಎಂದು ಬೇಡಿಕೊಂಡೆ. ಅವರು ಆಚೀಚೆ ನೋಡಿ, ನಮ್ಮ ಮನೆಯಲ್ಲೂ ಹಾಗೇ ಮಾಡುವುದು ಎಂದರು. ಇನ್ನೊಂದು ದಿನ ಸಿಗುವುದು ಮುಂದಿನ ವರ್ಷ ಎಂದರು. ವರದಿಯ ನಮೂನೆಯಲ್ಲಿ ಇರುವುದು ‘ನೀರಿನ ಉಷ್ಣತೆಯಲ್ಲಿ ಆದ ಬದಲಾವಣೆ’ ಎಂಬ ಒಂದೇ ಅಂಕಣ, ಬದಲಾವಣೆ ಮೇಲಕ್ಕೋ ಕೆಳಕ್ಕೋ ಎಂದು ಯಾರೂ ಕೇಳಿಲ್ಲ, ಬದಲಾವಣೆಯಂತೂ ಭರ್ಜರಿಯಾಗಿದೆ ಎಂದರು. ಕೊನೆಗೆ ತಮ್ಮ ಗಲ್ಫ್ ಹಿಂದಿಯಲ್ಲಿ ಕೇಳಿದ ಮಾತು ಇಷ್ಟು:

“ನಿಮಗೆ ಪಟ್ಟಿ ಬೇಕಾ, ನ್ಯಾಯ ಬೇಕಾ?”

ನಾನು ಮಗಳನ್ನು ನೆನೆಸಿಕೊಂಡೆ. ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದೆ.

ಆಗಸ್ಟ್ ಮುಗಿಯುವ ಮೊದಲೇ ಪತ್ರ ಬಂತು. ನಮ್ಮ ಕಂಪನಿ ಸರಕಾರಿ ಕಟ್ಟಡಗಳ ಪಟ್ಟಿಗೆ ಸೇರಿತ್ತು. ಪುಟ ಮಾತ್ರ ಬೇರೆ. ಸಮಿತಿ ಕಂಡದ್ದನ್ನು ಕಂಡ ಹಾಗೆಯೇ ಬರೆದು, ನಮ್ಮ ಹೀಟರನ್ನು ‘ಕೂಲಿಂಗ್’ ಎಂಬ ಭಾಗದಲ್ಲಿ, ವಿದ್ಯುತ್ ಬೇಡದ ನೀರು ತಂಪು ಮಾಡುವ ಸಾಧನ ಎಂದು ಸೇರಿಸಿತ್ತು. ಯಜಮಾನರು ಪತ್ರವನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು.

“ಪಟ್ಟಿ ಅಂದ್ರೆ ಪಟ್ಟಿ ಬಾಯಮ್ಮ,” ಎಂದರು ಕೊನೆಗೆ. “ಯಾವ ಪುಟ ಅಂತ ಯಾರು ನೋಡ್ತಾರೆ?”

ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ ನಕ್ಕು ನಕ್ಕು ಸೌಟು ಕೈಬಿಟ್ಟರು. ಮಗಳು ಭೌತಶಾಸ್ತ್ರದ ಪುಸ್ತಕದಿಂದ ತಲೆ ಎತ್ತಿ, “ಮಮ್ಮಾ, ದಟ್ಸ್ ನಾಟ್ ಈವನ್ ಫಿಸಿಕ್ಸ್” ಎಂದು ಮತ್ತೆ ತಲೆ ತಗ್ಗಿಸಿದಳು. ಆ ರಾತ್ರಿ ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದೆ.

ಯಾವ ಪುಟ ಎಂದು ನೋಡುವವರು ಇದ್ದರು. ಶಾಲೆಗಳ ರಿಪೇರಿ ಗುತ್ತಿಗೆ ಹಿಡಿದ ಒಬ್ಬರು ಸೆಪ್ಟೆಂಬರಿನಲ್ಲಿ ಫೋನ್ ಮಾಡಿದರು. ಶಿಶುವಿಹಾರದ ಮಕ್ಕಳು ಕೈ ತೊಳೆಯುವಾಗ ನೀರು ಸುಡುತ್ತದೆಯಂತೆ, ನಿಮ್ಮ ಕೂಲಿಂಗ್ ಯಂತ್ರ ಆರು ಶಾಲೆಗೆ ಬೇಕು ಎಂದರು. ನಾವು ಒದಗಿಸಿದೆವು. ಹಾಕುವಾಗ ಒಂದು ತೊಡಕು ಬಂತು. ಕಟ್ಟಡದ ನಿಯಮದ ಪ್ರಕಾರ ಈ ಯಂತ್ರಕ್ಕೆ ತಂತಿ ಎಳೆದು ಸ್ವಿಚ್ ಇಡಲೇಬೇಕು. ನಮ್ಮ ಅನುಮೋದನೆಯ ಪ್ರಕಾರ ಅದಕ್ಕೆ ಕರೆಂಟು ಕೊಡಲೇಬಾರದು. ಎರಡೂ ಕಡೆಯವರು ಪತ್ರ ಬರೆದು ಬರೆದು ಒಂದು ಒಪ್ಪಂದಕ್ಕೆ ಬಂದರು: ಸ್ವಿಚ್ ಇರಲಿ, ಅದರ ಮೇಲೆ ಯಾರಿಗೂ ಕಾಣದ ಹಾಗೆ ಒಂದು ಬಿಳಿ ಮುಚ್ಚಳ ಬೀಳಲಿ. ಆರು ಶಾಲೆಯ ಗೋಡೆಗಳಲ್ಲೂ ಅಚ್ಚುಕಟ್ಟಾಗಿ ಮುಚ್ಚಳ ಬಿದ್ದಿತು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ.

ಜನವರಿಯಲ್ಲಿ ಆ ಶಾಲೆಗಳಿಗೆ ಒಂದು ಸುತ್ತು ಹೋಗಿ ಯಂತ್ರ ನೋಡಿಕೊಂಡು ಬರಬೇಕಿತ್ತು. ನಾಲ್ಕನೆಯ ಶಾಲೆಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಶಿಶುವಿಹಾರದ ಬಚ್ಚಲಿನಲ್ಲಿ ಒಂದು ಸಣ್ಣ ಮಗು ಚಡ್ಡಿ ಒದ್ದೆ ಮಾಡಿಕೊಂಡು ನಡುಗುತ್ತಾ ನಿಂತಿತ್ತು. ಆಯಾ ಒಂದು ಕೈಯಲ್ಲಿ ಅದರ ಅಂಗಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಹಾದ ಕೆಟಲಿನಿಂದ ಬಕೆಟ್ಟಿಗೆ ಬಿಸಿನೀರು ಹೊಯ್ಯುತ್ತಿದ್ದಳು. ಸ್ಟಾಫ್ ರೂಮು ಇದ್ದದ್ದು ಇನ್ನೊಂದು ಕಟ್ಟಡದಲ್ಲಿ. ದಿನಕ್ಕೆ ಏಳೆಂಟು ಸಲ ಆ ಕೆಟಲು ಹಿಡಿದು ಅಂಗಳ ದಾಟಬೇಕು. ಅವಳ ತಲೆಯ ಮೇಲೆ, ಸರಿಯಾಗಿ ಬಕೆಟ್ಟಿನ ನೇರಕ್ಕೆ, ನಮ್ಮ ಹೀಟರ್ ಹೊಳೆಯುತ್ತಿತ್ತು.

ಮಗುವಿನೊಂದಿಗೆ ಅವಳು ಆಡಿದ ಹಿಂದಿಯ ರಾಗದಲ್ಲೇ ನಮ್ಮ ಕಡೆಯವಳೆಂದು ನನಗೆ ಗುರುತು ಸಿಕ್ಕಿತು. ಕೇಳಿದರೆ ಅಂಕೋಲೆಯವಳು. ಹೊನ್ನಾವರ ಎಂದಾಗ ಅವಳ ಮುಖ ಅರಳಿತು, ನಾನು ಆ ಕ್ಷಣಕ್ಕೆ ಮೇಡಂ ಹೋಗಿ ಅಕ್ಕ ಆದೆ. ಮಗುವನ್ನು ಒರೆಸಿ ಕಳಿಸಿ, ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

“ಇದು ನಿಮ್ಮದೇ ಮಷಿನ್ರಾ ಅಕ್ಕಾ? ಎಂತ ಮಾಡ್ತದೆ ಇದು?”

ನೀರು ತಣ್ಣಗೆ ಮಾಡುತ್ತದೆ ಎಂದೆ.

ಅವಳು ನಗಲಿಲ್ಲ. ನಲ್ಲಿ ತಿರುಗಿಸಿ ಬೆರಳು ಒಡ್ಡಿ ನೋಡಿದಳು. “ಚೊಲೋ ಮಾಡ್ತದೆ ಹಾಗಾದ್ರೆ,” ಎಂದಳು.

ಮುಚ್ಚಳದ ಅಡಿಯ ಸ್ವಿಚ್ಚಿನ ವಿಷಯ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಫೆಬ್ರವರಿಯಲ್ಲಿ ಆ ಪಟ್ಟಿಯ ಕಚೇರಿಯಿಂದ ತಪಾಸಣೆಗೆ ಬರುವವರಿದ್ದರು. ಕೂಲಿಂಗ್ ಎಂದು ಬರೆಸಿಕೊಂಡ ಯಂತ್ರ ಬಿಸಿನೀರು ಕಾರಿತೋ, ಅಲ್ಲಿಗೆ ಪಟ್ಟಿಯಿಂದ ಹೆಸರು ಹೊರಗೆ, ಹೆಸರಿನ ಹಿಂದೆ ನಾನು, ನನ್ನ ಹಿಂದೆ ಮಗಳು. ಅವಳ ಮೊದಲ ಪೇಪರಿಗೆ ಐದು ವಾರವೂ ಇರಲಿಲ್ಲ. ಮನೆಗೆ ಹೋಗಿ ಸ್ನಾನಕ್ಕೆ ನಿಂತರೆ ನಮ್ಮ ಬಚ್ಚಲಿನಲ್ಲಿ ನೀರು ಹದವಾಗಿ, ಹಿತವಾಗಿ ಬಿಸಿ ಬರುತ್ತಿತ್ತು. ನನಗೆ ಆ ನೀರಿನಡಿ ನಿಲ್ಲಲು ನಾಚಿಕೆಯಾಯಿತು. ಆದರೂ ನಿಂತೆ, ಅದನ್ನೂ ಹೇಳಬೇಕಲ್ಲ.

ಫೆಬ್ರವರಿಯ ತಪಾಸಣೆಗೆ ಅದೇ ಥರ್ಮಾಮೀಟರಿನವನು ಬಂದ. ಚಳಿಯ ಬೆಳಗಿನಲ್ಲಿ ನಲ್ಲಿಗಳಿಗೆ ಥರ್ಮಾಮೀಟರ್ ಹಿಡಿದು, ಜುಲೈಗಿಂತಲೂ ತಣ್ಣಗಿರುವುದನ್ನು ಕಂಡು, ಯಂತ್ರ ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ ಎಂದು ವರದಿ ಬರೆದ. ಯಜಮಾನರು ಅದಕ್ಕೆ ಫ್ರೇಮು ಹಾಕಿಸಿ ಕ್ಯಾಬಿನ್ನಿನಲ್ಲಿ ತೂಗುಹಾಕಿದರು. ತಪಾಸಣೆ ಮುಗಿದ ಮೇಲಾದರೂ ನಾನು ಹೇಳಬಹುದಿತ್ತು. ಚಳಿ ಇನ್ನೂ ಮೂರು ನಾಲ್ಕು ವಾರ ಇತ್ತು. ಮತ್ತೆ ಬಂದರೆ ಎಂಬ ಹೆದರಿಕೆ, ಪರೀಕ್ಷೆ ಮುಗಿಯಲಿ ಎಂಬ ಆಸೆ. ನನ್ನನ್ನು ಒಂದೂವರೆ ವರ್ಷ ಅಲೆಸಿದವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ವಾರಗಳಲ್ಲಿ ಸದ್ದಿಲ್ಲದೆ ಇಳಿದುಹೋಯಿತು. ಅವರು ಮಾಡಿದ್ದನ್ನೇ ಈಗ ನಾನೂ ಮಾಡುತ್ತಿದ್ದೆ.

ಮಗಳ ಕೊನೆಯ ಪೇಪರ್ ಮುಗಿದದ್ದು ಏಪ್ರಿಲಿನ ಮೊದಲಲ್ಲಿ. ಮರುದಿನ ಬೆಳಿಗ್ಗೆಯೇ ಟೆಕ್ನಿಷಿಯನ್ನನನ್ನು ಕರೆದುಕೊಂಡು ಆ ನಾಲ್ಕನೆಯ ಶಾಲೆಗೆ ಹೋದೆ. ಇನ್ನು ಹೆಸರು ಹೋದರೆ ಹೋಗಲಿ ಎಂಬ ಧೈರ್ಯ ಆಗ ಬಂದಿತ್ತು. ಆಯಾ ಸಿಕ್ಕಿದಳು. ಟೆಕ್ನಿಷಿಯನ್ ಬಿಳಿ ಮುಚ್ಚಳ ಬಿಚ್ಚಿದ, ಸ್ವಿಚ್ ಒತ್ತಿದ. ಅವಳು ಹತ್ತಿರ ಬಂದು ನೋಡಿದಳು. ಇದು ಮೊದಲಿಂದ ಇತ್ತೇ ಎಂದು ಕೇಳಿದಳು. ಇತ್ತು ಎಂದೆ. ನಿಮಗೆ ಗೊತ್ತಿತ್ತೇ ಎಂದಳು. ಗೊತ್ತಿತ್ತು ಎಂದೆ. ಆಮೇಲೆ ತಡೆಯಲಾರದೆ ಪಟ್ಟಿ, ಪುಟ, ವೀಸಾ, ತಪಾಸಣೆ, ಮಗಳ ಪರೀಕ್ಷೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳು ಕೇಳಿಸಿಕೊಂಡು, ಟೆಕ್ನಿಷಿಯನ್ನನ ಅಂಗೈಯಲ್ಲಿದ್ದ ಸ್ಕ್ರೂಗಳನ್ನು ನೋಡಿದಳು.

“ಎರಡು ಸ್ಕ್ರೂ ಅಲ್ರಾ ಅಕ್ಕಾ,” ಎಂದಳು. “ನಂಗೆ ಹೇಳಿದ್ರೆ ನಾನೇ ಬಿಚ್ತಿದ್ದೆ. ಸಾಹೇಬರು ಬರೋ ದಿನ ಬಂದ್ ಮಾಡಿ ಮತ್ತೆ ಹಾಕಿಡ್ತಿದ್ದೆ. ನಾನು ಯಾರ ಹತ್ರ ಹೇಳ್ತಿದ್ದೆ?”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳನ್ನು ನಂಬಬಹುದು ಎಂದು ಆ ಮೂರು ತಿಂಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ನಲ್ಲಿ ತಿರುಗಿಸಿ ಬೆರಳು ಒಡ್ಡಿದಳು. ಮಹಡಿಯ ಟ್ಯಾಂಕು ಆಗಲೇ ಬಿಸಿಲಿಗೆ ಕಾಯತೊಡಗಿತ್ತು. ನೀರು ತಾನಾಗಿಯೇ ಬೆಚ್ಚಗೆ ಬರುತ್ತದೆ, ಇನ್ನು ಇದು ಬೇಡ, ಮಕ್ಕಳ ಕೈ ಸುಟ್ಟೀತು ಎಂದು ಟೆಕ್ನಿಷಿಯನ್ನನಿಗೆ ಹಿಂದಿಯಲ್ಲಿ ಹೇಳಿದಳು. ಅವನು ನನ್ನ ಮುಖ ನೋಡಿ ಸ್ವಿಚ್ ಆರಿಸಿದ. ಒಳಗಿನಿಂದ ಯಾವುದೋ ಮಗು ಅವಳನ್ನು ಕರೆಯಿತು, ಅವಳು ಹೋದಳು.